ಕೈ ಬರುವ ಮೊದಲು

ನಮ್ಮೂರಿನಲ್ಲಿ ಗಾಯ ಮೊದಲು ಬರುತ್ತದೆ, ಏಟು ಆಮೇಲೆ ಬೀಳುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಹುಬ್ಬಿನ ಮೇಲೆ ಒಂದು ಸೀಳು ಕಂಡರೆ, ನೋವಿಲ್ಲದೆ ರಕ್ತವಿಲ್ಲದೆ ಬರಿಯ ಗುರುತು ಮಾತ್ರ ಕಂಡರೆ, ಅಲ್ಲಿ ಏನೋ ತಗಲಲಿದೆ ಎಂದು ಅರ್ಥ. ಇದಕ್ಕೆ ಮುಂಗಾಯ ಅನ್ನುತ್ತೇವೆ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಅದು ನಿಜವಾಗುತ್ತದೆ, ಇಲ್ಲವೇ ಅಳಿಸಿ ಹೋಗುತ್ತದೆ. ಅಳಿಸಿ ಹೋಗುವುದಕ್ಕೆ ಒಂದೇ ದಾರಿ. ಆ ಏಟು ಯಾರ ಕೈಯಿಂದ ಬೀಳಬೇಕಾಗಿದೆಯೋ ಅವರು ಮೊದಲೇ ಬಂದು ಗುರುತಿನ ಮೇಲೆ ಅಂಗೈ ಇಡಬೇಕು. ಯಾರ ಕೈ ಎಂದು ಗಾಯಕ್ಕೆ ಗೊತ್ತು, ನಮಗೆ ಗೊತ್ತಿಲ್ಲ. ಆದ್ದರಿಂದ ಎಲ್ಲರೂ ಬರುತ್ತಾರೆ.

ಚರ್ಚಿನ ಜಗಲಿಯ ಮೇಲೆ ಉದ್ದನೆಯ ಬೆಂಚಿದೆ. ಮುಂಗಾಯ ಬಂದವರು ಬೆಳಗಿನ ಪೂಜೆ ಮುಗಿದ ಮೇಲೆ ಅಲ್ಲಿ ಕೂರುತ್ತಾರೆ. ಊರಿನವರು ಒಬ್ಬೊಬ್ಬರಾಗಿ ಬಂದು ಗುರುತಿನ ಮೇಲೆ ಕೈಯಿಟ್ಟು, “ನನ್ನ ಕೈ ಬರುವ ಮೊದಲು ನಾನು ಬಂದಿದ್ದೇನೆ” ಅನ್ನುತ್ತಾರೆ. ಕೂತವರು, “ನೀನು ಬಂದೆಯಲ್ಲ, ಕೈ ಅಲ್ಲೇ ಇರಲಿ” ಅನ್ನುತ್ತಾರೆ. ಅಷ್ಟೆ. ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಗುರುತು ಹೋಗಿದ್ದರೆ, ಬಂದವರಲ್ಲಿ ಒಬ್ಬರ ಕೈ ಅದು ಎಂದು ತಿಳಿಯುತ್ತದೆ, ಯಾರದೆಂದು ತಿಳಿಯುವುದಿಲ್ಲ. ತಿಳಿಯದಿರುವುದೇ ವಾಸಿ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಪರೀಕ್ಷೆಯ ಪೇಪರು ಕೊಡುವ ದಿನ ಶಾಲೆಯ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದು, ಸಾಲಾಗಿ ಕೂತ ಹುಡುಗರ ಅಂಗೈಗಳ ಮೇಲೆಲ್ಲ ಕೈಯಿಟ್ಟು ಹೋಗುತ್ತಾರೆ. ಅತ್ತೆ ಸೊಸೆ ಬೆಂಚಿನ ಎರಡು ತುದಿಯಲ್ಲಿ ಕೂತು, ಎದ್ದು ಬಂದು ಒಬ್ಬರ ಮೊಣಕೈ ಒಬ್ಬರು ಮುಟ್ಟಿ, ಮತ್ತೆ ತಮ್ಮ ತಮ್ಮ ತುದಿಗೆ ಹೋಗಿ ಮುಖ ತಿರುಗಿಸಿ ಕೂತದ್ದನ್ನೂ ನೋಡಿದ್ದೇನೆ. ಏಟು ಬಿದ್ದ ಮೇಲೆ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ದೇವರ ಹತ್ತಿರ ಕೇಳುತ್ತೇವೆ, ಮನುಷ್ಯರ ಹತ್ತಿರ ಕೇಳುವುದಿಲ್ಲ. ಮೊದಲೇ ಬರಬಹುದಾಗಿತ್ತು, ಬರಲಿಲ್ಲ, ಇನ್ನೇನು ಎಂದು ಬಿಟ್ಟುಬಿಡುತ್ತಾರೆ. ಕೆಲವು ಗಾಯಗಳಿಗೆ ಕೈಯೇ ಇರುವುದಿಲ್ಲ. ಕಾಲು ಜಾರುತ್ತದೆ, ಕಲ್ಲು ಉರುಳುತ್ತದೆ. ಅವು ಅಳಿಸುವುದಿಲ್ಲ.

ಆ ಬೆಂಚನ್ನು ಒರೆಸುವುದು ನನ್ನ ಕೆಲಸ. ಹೆಂಗಸರಿಗೆ ಮರೆಯ ಜಾಗದಲ್ಲಿ ಗುರುತು ಬಂದರೆ ಪರದೆ ಹಿಡಿಯುವುದೂ ನಾನೇ. ನನ್ನ ಹೆಸರು ಜಪಮಾಲೆ. ಆರನೆಯ ತರಗತಿಗೆ ಶಾಲೆ ಬಿಟ್ಟೆ. ಅವ್ವ ತೀರಿಕೊಂಡಿದ್ದಳು, ಅಣ್ಣ ಇನ್ನಾಸಿಗೆ ಬೇಯಿಸಿ ಹಾಕುವವರು ಬೇಕಿತ್ತು. ಯಾರಾದರೂ ಮಾತಾಡಿಸಿದರೆ ನನ್ನ ಕಿವಿ ಬಿಸಿಯಾಗುತ್ತದೆ, ಹೇಳಬೇಕಾದ್ದು ಮರೆತುಹೋಗುತ್ತದೆ. “ಈ ಹುಡುಗಿಗೆ ನಾಲಿಗೆ ಕೊಡೋದು ಮರೆತು ದೇವರು ಎರಡು ಜೊತೆ ಕಣ್ಣು ಕೊಟ್ಟುಬಿಟ್ಟ” ಎಂದು ಪಕ್ಕದ ಮನೆಯ ಲೂರ್ದಮ್ಮ ನನ್ನ ಎದುರಿಗೇ ಅನ್ನುತ್ತಾಳೆ.

ನಮ್ಮದು ಸುಣ್ಣ ಸುಡುವ ಊರು. ಊರ ಮುಂದೆ ದೊಡ್ಡ ಕೆರೆ, ಕೆರೆಯ ನಡುವೆ ಚಿಪ್ಪಿನ ದಿಬ್ಬ. ದಿಬ್ಬದ ಚಿಪ್ಪನ್ನು ಹರಿಗೋಲಿನಲ್ಲಿ ತಂದು ಗೂಡಿನಲ್ಲಿ ಸುಡುತ್ತೇವೆ. ಗೂಡಿನಿಂದ ಬಂದ ಸುಡುಸುಣ್ಣಕ್ಕೆ ನೀರು ಸೋಕಿದರೆ ಕುದಿಯುತ್ತದೆ. ನಮ್ಮ ಕೈಗಳಲ್ಲೆಲ್ಲ ಅದರ ಬಿಳಿ ಕಲೆಗಳಿವೆ. ಆಚೆ ದಡದಲ್ಲಿ ಇನ್ನೊಂದು ಊರು. ಅವರು ಮೀನು ಹಿಡಿದು, ಸೀಳಿ, ಉಪ್ಪು ಹಚ್ಚಿ ಒಣಗಿಸುತ್ತಾರೆ. ದಿಬ್ಬ ಅಗೆದರೆ ಮೀನು ಮೊಟ್ಟೆ ಇಡುವುದಿಲ್ಲ ಎಂದು ಅವರು, ದಿಬ್ಬ ನಮ್ಮ ತಾತಂದಿರದು ಎಂದು ನಾವು. ಹೋದ ವರ್ಷ ಅವರು ನಮ್ಮ ದೋಣಿಯ ಹಗ್ಗ ಕೊಯ್ದರು, ನಮ್ಮವರು ಅವರ ಬಲೆ ಹರಿದರು. ಆಮೇಲೆ ಮಾತು ನಿಂತುಹೋಯಿತು. ಗಾಳಿ ಈ ಕಡೆ ಬೀಸಿದಾಗ ಅವರ ಚರ್ಚಿನ ಗಂಟೆ ಕೇಳಿಸುತ್ತದೆ. ಅವರಿಗೆ ಮುಂಗಾಯ ಬರುವುದಿಲ್ಲ, ಅದು ದೇವರು ನಮಗೆ ಮಾತ್ರ ಕೊಟ್ಟದ್ದು ಎಂದು ಚಿಕ್ಕಂದಿನಿಂದ ಕೇಳಿದ್ದೆ.

ಒಂದು ಸೋಮವಾರ ಬೆಳಿಗ್ಗೆ ನನ್ನ ಬಲಗೈ ಹಿಂಬದಿಯಲ್ಲಿ ಒಂದು ಗುರುತು ಎದ್ದಿತ್ತು. ಬಿಳಿಚಿದ, ಮುದುರಿದ, ಎಲೆಯಷ್ಟಗಲದ ಸುಟ್ಟ ಗುರುತು. ಗೂಡಿನ ಕೆಲಸದಲ್ಲಿ ಇಂಥದ್ದು ಹೊಸದಲ್ಲ. ಬೆಂಚಿನ ಮೇಲೆ ಕೂತರಾಯಿತು ಎಂದು ಹೊರಗೆ ಬಂದೆ. ಇನ್ನಾಸಿ ಬಾವಿಕಟ್ಟೆಯ ಹತ್ತಿರ ಕನ್ನಡಿ ಹಿಡಿದು ನಿಂತಿದ್ದ. ಕಿವಿಯ ಕೆಳಗಿನಿಂದ ಗಂಟಲಿನವರೆಗೆ ಅವನ ಕುತ್ತಿಗೆ ಬಾಯಿ ಬಿಟ್ಟಿತ್ತು. ರಕ್ತವಿರಲಿಲ್ಲ. “ಜಪೂ, ಇದು ಎಷ್ಟು ಆಳ ಐತೆ ನೋಡೇ” ಅಂದ. ನೋಡಿದೆ. ಅವನ ಕೈಯಿಂದ ಕನ್ನಡಿ ತೆಗೆದುಕೊಂಡೆ.

ಚರ್ಚಿಗೆ ಹೋದಾಗ ಬೆಂಚು ತುಂಬಿ, ಜಗಲಿಯ ಮೇಲೆ ಚಾಪೆ ಹಾಸಿದ್ದರು. ಒಂದು ದೋಣಿ ತುಂಬುವಷ್ಟು ಗಂಡಸರು, ಎಲ್ಲರೂ ಗಟ್ಟಿಮುಟ್ಟಾದವರು. ಒಬ್ಬನಿಗೆ ಎದೆಯಲ್ಲಿ, ಒಬ್ಬನಿಗೆ ಹೊಟ್ಟೆಯಲ್ಲಿ, ರಾಯಪ್ಪ ಎಂಬವನಿಗೆ ಪಕ್ಕೆಯಲ್ಲಿ, ಎಲ್ಲ ಆಳದ ತೂತುಗಳು, ಸೀಳುಗಳು. ಅವರ ಪಕ್ಕದಲ್ಲಿ ನನ್ನ ಕೈಯ ಸುಟ್ಟ ಗುರುತನ್ನು ತೋರಿಸಿಕೊಂಡು ಕೂರಲು ನಾಚಿಕೆಯಾಯಿತು. ಬೆಂಚು ಒರೆಸುವ ಬಟ್ಟೆಯ ಒಂದು ತುಂಡು ಹರಿದು ಕೈಗೆ ಸುತ್ತಿಕೊಂಡು, ಕುಡಿಯುವ ನೀರು ತರಲು ಹೋದೆ.

ಅವತ್ತು ಇಡೀ ಊರೇ ಬಂತು. ಗೂಡುಗಳು ಆರಿದವು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು ಬಂದು ಕೈಯಿಟ್ಟರು. ತೊಟ್ಟಿಲ ಕೂಸುಗಳ ಕೈಗಳನ್ನೂ ತಾಯಂದಿರು ಹಿಡಿದು ಇಡಿಸಿದರು. ನಾನೂ ಇನ್ನಾಸಿಯ ಕುತ್ತಿಗೆಯ ಮೇಲೆ ಕೈಯಿಟ್ಟೆ. “ನೀನು ನನ್ನ ಕೊಯ್ಯೋದಾದ್ರೆ ಇಷ್ಟೊತ್ತಿಗೆ ಕೊಯ್ತಿದ್ದೆ, ಮೊನ್ನೆ ಸಾರು ಚೆಲ್ಲಿದಾಗ” ಎಂದು ಅವನು ನಕ್ಕ. ನಗುವಾಗ ಆ ಸೀಳು ಅಗಲವಾಯಿತು. ದೀಪ ಹಚ್ಚಿದರು. ಒಬ್ಬನ ಗುರುತೂ ಅಳಿಸಲಿಲ್ಲ.

ಮರುದಿನ ಪೂಜೆಯಾದ ಮೇಲೆ ಪಟೇಲ ಚೌರಪ್ಪ ಜಗಲಿಯ ಮೇಲೆ ನಿಂತ. ಗೂಡುಗಳಲ್ಲಿ ಅರ್ಧ ಅವನವು. ಊರಿನ ಮಾತು ಅವನ ಮಾತು. ಕೆಟ್ಟವನಲ್ಲ. ಗುರುತು ಬಂದವರ ಮನೆಗಳಿಗೆಲ್ಲ ಹಿಂದಿನ ಸಂಜೆ ಅವನೇ ಹೋಗಿ ಕೂತು ಬಂದಿದ್ದ. “ಸ್ತೋತ್ರ ಸ್ವಾಮಿ” ಎಂದು ಗುರುಗಳಿಗೆ ಕೈಮುಗಿದು ಶುರುಮಾಡಿದ. “ಈ ಊರಲ್ಲಿರೋ ಕೈಯೆಲ್ಲಾ ಬಂದು ಹೋತು. ಗುರುತು ಹೋಗಲಿಲ್ಲ. ಹಂಗಾರೆ ಈ ಕೈ ನಮ್ಮದಲ್ಲ, ಆಚೆಯೋರದು. ನಾಳೆ ಹೊತ್ತು ಮುಳುಗೋದ್ರೊಳಗೆ ಬರ್ತಾರೆ. ಅವರ ಕೈ ಬರೋ ಮೊದಲು ನಾವು ಹೋಗಬೇಕು.”

ನಮ್ಮ ಗುರುಗಳು ಫಾದರ್ ದೇವಸಹಾಯ, ಸಣ್ಣ ದನಿಯವರು, ಕನ್ನಡಕ ಒರೆಸುತ್ತಲೇ ಯೋಚನೆ ಮಾಡುವವರು. “ಚೌರಪ್ಪನವರೇ, ಯುದ್ಧವೇ ಕೂಡದು ಅಂತ ನಾನು ಹೇಳೋದಿಲ್ಲ. ಹಾಗೆ ಹೇಳೋ ಕ್ರೈಸ್ತರೂ ಇದ್ದಾರೆ, ಅವರು ನನಗಿಂತ ಒಳ್ಳೆಯವರಿರಬಹುದು. ಕತ್ತಿ ಹಿಡಿಯೋ ಮೊದಲು ಕೆಲವು ಪ್ರಶ್ನೆ ಕೇಳಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಮೊದಲನೆಯದು, ತಪ್ಪು ನಡೆದಿರಬೇಕು. ನಡೆಯದ ತಪ್ಪಿಗೆ ಹೊಡೆದರೆ ತಪ್ಪು ನಮ್ಮದಾಗ್ತದೆ.”

ಪಟೇಲ ಇನ್ನಾಸಿಯನ್ನು ಕರೆದು, ಗಲ್ಲ ಹಿಡಿದು ತಲೆಯನ್ನು ಒಂದು ಕಡೆಗೆ ತಿರುಗಿಸಿ ತೋರಿಸಿದ. “ಇದು ನಡೆದಿಲ್ವಾ ಸ್ವಾಮಿ? ಬೇರೆ ಊರಲ್ಲಿ ಕೈ ಎತ್ತಿದ ಮೇಲೆ ಗಾಯ. ನಮ್ಮೂರಲ್ಲಿ ಗಾಯ ಆದ ಮೇಲೆ ಕೈ. ಈ ಸರದಿ ನಾನು ಮಾಡಿದ್ದಲ್ಲ, ಮೇಲಿರೋನು ಮಾಡಿದ್ದು. ಬೇರೆಯೋರು ಹಿಂಗೆ ಹೋದರೆ ಅದು ಮುಂಚೆಯೇ ಹೋಗಿ ಹೊಡೆದಂಗೆ. ನಾವು ಹೋದರೆ ತಿರುಗಿ ಹೊಡೆದಂಗೆ.”

ಗುರುಗಳು ಕನ್ನಡಕ ತೆಗೆದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ ಎಂದು ಕಾಣುತ್ತದೆ. ಬಹಳ ಹೊತ್ತು ಒರೆಸಿದರು. ಆಮೇಲೆ ಎರಡನೆಯದು ಕೇಳಿದರು. “ಹಗೆಯಿಂದ ಹೋಗ್ತೀರಾ?” “ಹಲ್ಲು ಕೀಳಿಸಕ್ಕೆ ಹೋದಂಗೆ ಹೋಗ್ತೀವಿ ಸ್ವಾಮಿ. ಹಗೆ ಏನಿಲ್ಲ.” “ಬೇರೆ ದಾರಿಯೆಲ್ಲ ನೋಡಿದ್ದೀರಾ? ಕತ್ತಿ ಕೊನೆಯದಾಗಿರಬೇಕು. ಯೇಸುಸ್ವಾಮಿ ಹೇಳಿದ ರಾಜನ ಕಥೆ ನೆನಪಿದೆಯಲ್ಲ. ಎದುರಾಳಿ ಇನ್ನೂ ದೂರದಲ್ಲಿ ಇರುವಾಗಲೇ ಕೂತು ಲೆಕ್ಕ ಹಾಕಿ, ಸಂಧಾನಕ್ಕೆ ಆಳು ಕಳಿಸ್ತಾನೆ.” “ಆ ರಾಜನ ಕಡೆ ಜನ ಕಮ್ಮಿ ಇದ್ರು, ಅದಕ್ಕೆ ಕಳಿಸಿದ. ನಮ್ಮ ಕಡೆ ಜಾಸ್ತಿ ಇದ್ದಾರೆ” ಅಂದ ಪಟೇಲ. ಜನ ನಕ್ಕರು. ಗುರುಗಳಿಗೂ ನಗು ಬಂದಂತೆ ಕಂಡಿತು, ತಡೆದುಕೊಂಡರು. “ಆಳು ಕಳಿಸಿ ಏನು ಹೇಳಿಸೋದು ಸ್ವಾಮಿ? ನಮ್ಮಲ್ಲಿ ಇಂಥಿಂಥೋರಿಗೆ ಇಂಥಿಂಥ ಕಡೆ ಏಟು ಬೀಳ್ತದೆ ಅಂತಲಾ? ಗುರಿ ನಾವೇ ತೋರಿಸಿಕೊಟ್ಟಂಗೆ ಆಗ್ತದೆ.”

ಲೂರ್ದಮ್ಮ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. “ಯೇಸುಸ್ವಾಮೀನ ಹಿಡಿಯಕ್ಕೆ ಬಂದಾಗ ತೋಟದಲ್ಲಿ ಕತ್ತಿ ಬೀಸಿದ ಶಿಷ್ಯನೂ ಮುಂಚೆನೇ ಬೀಸಿದ್ದು. ಉದುರಿದ ಕಿವಿ ವಾಪಸ್ ಅಂಟಿಸಕ್ಕೆ ಅಲ್ಲಿ ಸ್ವಾಮಿಯೇ ಇದ್ರು. ಆಚೆ ದಡದಲ್ಲಿ ಯಾರಪ್ಪಾ ಅಂಟಿಸೋರು, ನೀನಾ ಚೌರಪ್ಪ?” “ನಿನ್ನ ಮಗನಿಗೆ ಗುರುತು ಬಂದಿದ್ರೆ ಹಿಂಗೆ ಮಾತಾಡ್ತಿದ್ಯಾ ಲೂರ್ದಕ್ಕ?” ಲೂರ್ದಮ್ಮ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

ಗುರುಗಳು ಬೇಡ ಅನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. “ಮನೆಗಳಿಗೆ ಕೈ ಹಚ್ಚಬಾರದು. ಹೆಂಗಸರು ಮಕ್ಕಳನ್ನ ಮುಟ್ಟಬಾರದು. ಬೆಂಕಿ ಕೂಡದು” ಎಂದು ಷರತ್ತು ಹಾಕಿದರು. ಪಟೇಲ ಎಲ್ಲದಕ್ಕೂ ತಲೆಯಾಡಿಸಿದ. “ಬೆಂಕಿ ಇಲ್ಲ ಸ್ವಾಮಿ. ಸುಣ್ಣ ಅಷ್ಟೆ.” ಗುರುಗಳು ಗಂಡಸರ ತಲೆಗಳ ಮೇಲೆ ತೀರ್ಥ ಚಿಮುಕಿಸಿ ಮಂತ್ರಿಸಿದರು. ಒಳಗೆ ಹೋಗುವಾಗ ಮೆಟ್ಟಿಲ ಮೇಲೆ ನಿಂತು, ಯಾರಿಗೂ ಅಲ್ಲ ಎಂಬಂತೆ, “ಎಲ್ಲ ಕೈಗಳೂ ಬಂದವು ಅಂತೀರಿ” ಅಂದರು. ಪೂರ್ತಿ ಮಾಡಲಿಲ್ಲ. ಮೆಟ್ಟಿಲ ಪಕ್ಕದಲ್ಲಿ ಚಾಪೆ ಸುತ್ತುತ್ತಿದ್ದವಳು ನಾನೊಬ್ಬಳೇ.

ಮಧ್ಯಾಹ್ನದವರೆಗೆ ಹೆಂಗಸರೆಲ್ಲ ಸೇರಿ ಸುಣ್ಣ ಜರಡಿ ಹಿಡಿದೆವು. ಮುಷ್ಟಿಯಷ್ಟು ದೊಡ್ಡ ಚೀಲ ಹೊಲಿದು, ಹಿಟ್ಟಿನಂಥ ಸುಡುಸುಣ್ಣ ತುಂಬಿ, ಬಾಯಿ ಸಡಿಲವಾಗಿ ಕಟ್ಟಿದೆವು. ಎಸೆದರೆ ಬಿಚ್ಚಿಕೊಂಡು ಮುಖದ ಮೇಲೆ ಹರಡಬೇಕು. ಕೆರೆಯ ಜನ, ಮೈಮುಖ ಯಾವಾಗಲೂ ಒದ್ದೆ. ಉಳಿದದ್ದನ್ನು ಸುಣ್ಣವೇ ನೋಡಿಕೊಳ್ಳುತ್ತದೆ ಎಂದು ಪಟೇಲ ಹೇಳಿದ್ದ. ನನ್ನ ಗಂಟು ಚೆನ್ನಾಗಿದೆ ಎಂದು ನನಗೇ ಹೆಚ್ಚು ಚೀಲ ಕೊಟ್ಟರು. ಕಟ್ಟಿದೆ. ಅಷ್ಟು ಹೊತ್ತೂ ಇನ್ನಾಸಿಯ ಕುತ್ತಿಗೆಯೇ ಕಣ್ಣ ಮುಂದಿತ್ತು.

ಊಟಕ್ಕೆ ಬಂದಾಗ ಅವನು ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. “ನುಂಗಿದ್ರೆ ಸೀಳಿನಿಂದ ಆಚೆ ಬರ್ತದೆ ಅನ್ನಿಸ್ತದೆ ಕಣೇ” ಅಂದ. “ಹೋಗಬೇಡ” ಅಂದೆ. “ಹೋಗದಿದ್ರೆ ಅವರು ಬರ್ತಾರೆ.” “ಹೋದ್ರೆ?” “ಹೋದ್ರೆ ಅವರಿಗೆ ಬರಕ್ಕಾಗಲ್ಲ.” “ಕಣ್ಣು ಹೋಗ್ತದೆ, ಅವರಿಗೆ.” ಇನ್ನಾಸಿ ತಟ್ಟೆ ಸರಿಸಿದ. “ನನ್ನ ಕುತ್ತಿಗೆ ಉಳೀಬೇಕಾ ಬೇಡವಾ ನಿಂಗೆ? ಅಷ್ಟು ಹೇಳು.” ಉಳಿಯಬೇಕಿತ್ತು. ಅದೊಂದು ಬಿಟ್ಟು ನನಗೆ ಇನ್ನೇನೂ ಬೇಕಿರಲಿಲ್ಲ. ಆ ಕೈ ಆಚೆ ದಡದಲ್ಲಿದ್ದರೆ ಅದನ್ನು ಇಲ್ಲಿಗೆ ಕರೆಯಬೇಕು, ಯಾರೂ ಕರೆದಿಲ್ಲ ಎಂದು ಅನ್ನ ಮುಚ್ಚಿಡುವಾಗ ಹೊಳೆಯಿತು. ಹೊಳೆದ ಮೇಲೆ ಭಯವಾಯಿತು.

ಚಿಪ್ಪು ತರಲು ದಿನಾ ಹೋಗುವವಳು ಹರಿಗೋಲು ಬಿಚ್ಚಿದರೆ ಯಾರು ಕೇಳುತ್ತಾರೆ. ದಿಬ್ಬದವರೆಗೆ ಗೊತ್ತಿದ್ದ ನೀರು. ದಿಬ್ಬ ದಾಟಿದ ಮೇಲೆ, ಹೇಳಬೇಕಾದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡೆ. ‘ನನ್ನ ಅಣ್ಣನಿಗೆ ಕುತ್ತಿಗೆಯಲ್ಲಿ ಬಂದಿದೆ. ನಿಮ್ಮಲ್ಲಿ ಯಾರಾದರೂ ಬನ್ನಿ.’ ಇಷ್ಟೇ. ದಡ ಮುಟ್ಟುವ ಹೊತ್ತಿಗೆ ಅದೂ ಮರೆತುಹೋಗಿತ್ತು.

ದಡದಲ್ಲಿ ಮೀನು ಸೀಳುವ ಹಲಗೆಗಳಿದ್ದವು, ಜನರಿರಲಿಲ್ಲ. ಚರ್ಚಿನ ಕಡೆಯಿಂದ ಸದ್ದು ಬರುತ್ತಿತ್ತು. ನಮ್ಮದರಂತೆಯೇ ಚರ್ಚು, ಕಂಬಗಳು ಮಾತ್ರ ಮರದವು. ಅವರ ಜಗಲಿಯ ಮೇಲೂ ಒಂದು ಬೆಂಚಿತ್ತು. ಬೆಂಚು ತುಂಬಿ ಚಾಪೆಗಳ ಮೇಲೆ ಜನ ಕೂತಿದ್ದರು, ಗಂಡಸರು, ಹೆಂಗಸರು, ಒಬ್ಬಳು ಹತ್ತು ಹನ್ನೊಂದು ವರ್ಷದ ಹುಡುಗಿ. ಅವರ ಮುಖಗಳು ಬಿಳಿಚಿ, ಮುದುರಿ, ಕೆಲವರಿಗೆ ರೆಪ್ಪೆಗಳು ಅಂಟಿಹೋದಂತೆ ಕಾಣುತ್ತಿದ್ದವು. ನೋವಿರಲಿಲ್ಲ, ಮಾತಾಡಿಕೊಂಡೇ ಕೂತಿದ್ದರು. ನನ್ನ ಕೈಗೆ ಸುತ್ತಿದ ಬಟ್ಟೆಯನ್ನು ಇನ್ನೂ ಬಿಗಿ ಮಾಡಿಕೊಂಡೆ.

ಜಗಲಿಯ ಕೆಳಗೆ ಒಬ್ಬ ದಪ್ಪ ಮೀಸೆಯವನು ನಿಂತು ಹೇಳುತ್ತಿದ್ದ. ಅವನು ಸಂತ್ಯಾಗಪ್ಪ, ಅವರ ಹಿರಿಯ ಎಂದು ಆಮೇಲೆ ತಿಳಿಯಿತು. “ನಮ್ಮ ಕೈಗಳೆಲ್ಲಾ ಆದ್ವು. ಇದು ಅವರದೇ ಬೆಂಕಿ. ಬೆಳಕು ಹರಿಯೋಕೆ ಮುಂಚೆ ನಾವು ಆ ದಡದಲ್ಲಿರಬೇಕು.” ಹುಡುಗರ ಸೊಂಟದಲ್ಲಿ ಮೀನಿನ ಚೂರಿಗಳಿದ್ದವು, ಉದ್ದನೆಯವು, ತುದಿ ಬಾಗಿದವು. ಆಗ ಯಾರೋ ನನ್ನನ್ನು ನೋಡಿದರು. ಎಲ್ಲರೂ ತಿರುಗಿದರು.

ನನಗೆ ಬಾಯಿ ಬರಲಿಲ್ಲ. ಕಾಲು ಮಾತ್ರ ನಡೆಯಿತು. ಬೆಂಚಿನ ತುದಿಯಲ್ಲಿದ್ದ ಆ ಹುಡುಗಿಯ ಹತ್ತಿರ ಹೋಗಿ, ಅವಳ ಕಣ್ಣುಗಳ ಮೇಲೆ ಎರಡೂ ಅಂಗೈ ಇಟ್ಟೆ. “ನನ್ನ ಕೈ ಬರುವ ಮೊದಲು ನಾನು ಬಂದಿದ್ದೇನೆ” ಅಂದೆ. ಅವರ ಬಾಯಲ್ಲಿ ಆ ಮಾತು ಹೇಗಿದೆಯೋ ಗೊತ್ತಿರಲಿಲ್ಲ. ಹುಡುಗಿ, ಮಗ್ದಲಿ ಎಂದು ಅವಳ ಹೆಸರು, ನನ್ನ ಕೈಯನ್ನು ಮೂಸಿ, “ಅಜ್ಜೀ, ಇವಳ ಕೈ ಸುಣ್ಣ ನಾರ್ತದೆ” ಅಂದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮಣಿಕಟ್ಟು ಹಿಡಿದಳು. “ಯಾವೂರವ್ವ?” ಕೆರೆಯ ಕಡೆ ತೋರಿಸಿದೆ. “ಇದು ಬೆಂಕಿ ಅಲ್ಲ” ಅಂದೆ. “ಸುಡುಸುಣ್ಣ. ಚೀಲ ಕಟ್ಟಿದ್ದು ನಾನೇ.”

ಹೇಳಬಾರದ್ದನ್ನು ಹೇಳಿದೆ ಎಂದು ಸಂತ್ಯಾಗಪ್ಪನ ಮುಖ ನೋಡಿದ ಮೇಲೆ ಗೊತ್ತಾಯಿತು. “ಕೇಳಿದ್ರಾ! ಚೀಲ ಕಟ್ಟಾಗಿದೆ. ನಾಳೆವರೆಗೂ ಯಾಕೆ, ಈಗಲೇ ನಡೀರಿ. ಗೋಣಿ ನೆನೆಸಿ ತಲೆಗೆ ಹಾಕ್ಕೊಳ್ಳಿ.” “ಒದ್ದೆ ಬೇಡ” ಎಂದು ನನ್ನ ಬಾಯಿಂದ ಬಂತು. “ಒಣ ಗೋಣಿ. ಒದ್ದೆಗೆ ಕುದೀತದೆ.” ಒಬ್ಬ ಹುಡುಗ ಕಿಸಕ್ಕನೆ ನಕ್ಕ. “ನಮ್ಮ ಕಡೆಯೋಳೋ ಅವರ ಕಡೆಯೋಳೋ ಇವಳು?” ಮುದುಕಿ ನನ್ನ ಕೈ ಬಿಟ್ಟಿರಲಿಲ್ಲ. “ಸಂತ್ಯಾಗೂ, ಅವಳು ಬಂದು ಕೈ ಇಟ್ಟಳು. ನೀನು ಎಲ್ಲಿ ಇಟ್ಟೆ? ನಿನ್ನ ಚೂರಿ ಯಾರ ಮೈ ಮೇಲೆ ಗುರುತಾಗಿ ಕೂತಿದೆಯೋ ಹೋಗಿ ನೋಡಿದ್ಯಾ?” “ತೆರೇಸತ್ತೆ, ಅವರಿಗೆಲ್ಲಿ ಗುರುತು ಬರ್ತದೆ. ಅದು ದೇವರು ನಮಗೆ ಕೊಟ್ಟಿದ್ದು.” ನಾನು ನನ್ನ ಕುತ್ತಿಗೆಯ ಮೇಲೆ, ಕಿವಿಯ ಕೆಳಗಿನಿಂದ ಗಂಟಲಿನವರೆಗೆ, ಬೆರಳಿನಿಂದ ಎಳೆದು ತೋರಿಸಿದೆ. “ನನ್ನ ಅಣ್ಣನಿಗೆ.” ಆಮೇಲೆ ಎದೆ, ಹೊಟ್ಟೆ, ಪಕ್ಕೆ. ಒಬ್ಬೊಬ್ಬರ ಹೆಸರು ಹೇಳಿ ತೋರಿಸಿದೆ. ಪಟೇಲ ಹೇಳಿದ್ದು ಸರಿ, ಗುರಿ ನಾನೇ ತೋರಿಸಿಕೊಟ್ಟೆ. ಕಿಸಕ್ಕನೆ ನಕ್ಕ ಹುಡುಗ ತನ್ನ ಬಲಗೈಯನ್ನು ಪಂಚೆಗೆ ಒರೆಸಿಕೊಂಡ.

ಅವರು ಬಂದದ್ದು ಒಂದು ದೋಣಿಯಲ್ಲಿ. ತೆರೇಸಮ್ಮ ಮೀನಿನ ಬುಟ್ಟಿ ಹಿಡಿದು ಚೂರಿಗಳನ್ನೆಲ್ಲ ಹಾಕಿಸಿಕೊಂಡಳು. ಸಂತ್ಯಾಗಪ್ಪ, ಕಿಸಕ್ಕನೆ ನಕ್ಕಿದ್ದ ಆ ಹುಡುಗ, ಇಬ್ಬರೂ ಹಾಕಲಿಲ್ಲ, ನೋಡಿದೆ, ಹೇಳಲಿಲ್ಲ. “ಮುಖಕ್ಕೆ ಎಸೆದುಬಿಟ್ರೆ?” ಎಂದು ಸಂತ್ಯಾಗಪ್ಪ ಎಲ್ಲರ ತಲೆಗೂ ಒಣ ಗೋಣಿ ಹಾಕಿಸಿದ, ನನಗೂ ಹಾಕಿಸಿದ. ನನ್ನ ಹರಿಗೋಲನ್ನು ಹಿಂದೆ ಕಟ್ಟಿಕೊಂಡರು.

ಹೊತ್ತು ಇಳಿಯುತ್ತಿತ್ತು. ದಿಬ್ಬ ದಾಟಿದ ಕೂಡಲೇ ನಮ್ಮ ದಡದಲ್ಲಿ ಓಡಾಟ ಕಂಡಿತು. ಗಂಟೆ ಹೊಡೆಯತೊಡಗಿತು. ಗಂಡಸರು ಮೊಣಕಾಲು ನೀರಿಗೆ ಇಳಿದು ಸಾಲಾಗಿ ನಿಂತರು. “ಹೇಳಿದ್ದೆನಲ್ಲ! ಹೇಳಿದ್ದೆನಲ್ಲ!” ಎಂಬ ಪಟೇಲನ ಕೂಗು ನೀರಿನ ಮೇಲೆ ಬಂತು. ಗುರುಗಳು ಬಿಳಿ ನಿಲುವಂಗಿಯಲ್ಲಿ ಸಾಲಿನ ಮುಂದೆ ಅತ್ತಿಂದಿತ್ತ ಓಡಾಡುತ್ತ ಏನೋ ಹೇಳುತ್ತಿದ್ದರು, ಕೇಳಿಸುತ್ತಿರಲಿಲ್ಲ. ನಾನಿದ್ದ ದೋಣಿಯಲ್ಲಿ ಹುಟ್ಟು ಹಾಕುವವರು ನಿಲ್ಲಿಸಿದರು. “ಕೂಗೇ ಹುಡುಗಿ” ಅಂದಳು ತೆರೇಸಮ್ಮ. ಬಾಯಿ ತೆರೆದೆ, ದನಿ ಬರಲಿಲ್ಲ. “ಕೂಗೇ, ನಿನ್ನ ಅಣ್ಣ ಅಲ್ಲೇನೇ ಇರೋದು!” ಎದ್ದು ನಿಂತೆ. ದೋಣಿ ಓಲಾಡಿತು. ಅವನಿಗೆ ಕಾಣಲಿ ಎಂದು ಬಲಗೈ ಎತ್ತಿದೆ. ಅವನಿಗೆ ಕಂಡದ್ದು ಗೋಣಿ ಹೊದ್ದ ಯಾರೋ ಒಬ್ಬರು ಎತ್ತಿದ ಕೈ.

ಇನ್ನಾಸಿಯ ಗುರಿ ಯಾವತ್ತೂ ಚೆನ್ನಾಗಿತ್ತು. ಚೀಲ ನನ್ನ ಕೈಗೆ ಬಡಿದು ಬಿಚ್ಚಿಕೊಂಡಿತು, ಗಂಟು ನನ್ನದೇ. ಹುಟ್ಟಿನ ನೀರು ಸಿಡಿದು ಕೈಗೆ ಸುತ್ತಿದ ಬಟ್ಟೆ ಒದ್ದೆ, ಚರ್ಮ ಒದ್ದೆ. ಮೊದಲು ಬಿಳಿ ಹೊಗೆ, ಆಮೇಲೆ ಉರಿ. ಆಗ ದನಿ ಬಂತು. ಅಂಥ ದನಿ ನನ್ನೊಳಗಿದೆ ಎಂದು ನನಗೂ ಗೊತ್ತಿರಲಿಲ್ಲ. ಎರಡನೆಯ ಚೀಲ ಎತ್ತಿದ್ದವರ ಕೈಗಳು ಮೇಲೆಯೇ ನಿಂತವು. “ಜಪೂ!” ಎಂದು ಇನ್ನಾಸಿ ಕೈಯಲ್ಲಿದ್ದುದನ್ನು ಬಿಸಾಕಿ ನೀರಿಗೆ ಬಿದ್ದ. ಬಿಸಾಕಿದ್ದು ಅವನ ಪಕ್ಕದಲ್ಲಿ ಬುಳುಬುಳು ಕುದಿಯಿತು. ಈಜಿ ಬಂದು ದೋಣಿಯ ಅಂಚು ಹಿಡಿದು, ತಲೆಯೆತ್ತಿದ. ತೆರೇಸಮ್ಮ ನನ್ನ ಕೈಯನ್ನು ಕೆರೆಯೊಳಗೆ ಅದ್ದಿ ಹಿಡಿದಿದ್ದಳು.

ಇನ್ನಾಸಿಯ ಕುತ್ತಿಗೆ ಆ ಹುಡುಗನ ಮೊಣಕಾಲಿನ ಹತ್ತಿರವೇ ಇತ್ತು. ಸೀಳು ಹಾಗೆಯೇ ಬಾಯಿ ಬಿಟ್ಟಿತ್ತು. ಹುಡುಗನ ಕೈ ಸೊಂಟಕ್ಕೆ ಹೋಯಿತು. ಚೂರಿಯ ಹಿಡಿಯ ಮೇಲೆ ಅವನ ಬೆರಳುಗಳು ಬಿಳಿಯಾದದ್ದನ್ನು ನಾನು ನೋಡಿದೆ. ನನ್ನ ಕೈಯ ಉರಿ ಆ ಹೊತ್ತು ಮರೆತುಹೋಯಿತು. ಅವನು ಆ ಸೀಳನ್ನೇ ನೋಡುತ್ತಿದ್ದ, ಮೀನನ್ನು ಎಲ್ಲಿಂದ ಸೀಳಬೇಕೆಂದು ನೋಡುವ ಹಾಗೆ. ಆಮೇಲೆ ಬೆರಳು ಬಿಚ್ಚಿ, ಬಾಗಿ, ಅಂಗೈಯನ್ನು ಇನ್ನಾಸಿಯ ಕುತ್ತಿಗೆಯ ಮೇಲೆ ಇಟ್ಟ. “ನನ್ನ ಕೈ ಬರುವ ಮೊದಲು” ಎಂದು ಶುರುಮಾಡಿ, ಅಳು ಬಂದು, ಹೇಗೋ ಮುಗಿಸಿದ. ಇನ್ನಾಸಿ ಅವನನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ. “ಬಂದೆಯಲ್ಲ, ಕೈ ಅಲ್ಲೇ ಇರಲಿ” ಎಂದು, ಬೇರೆ ಯಾರಿಗೋ ಹೇಳುವಂತೆ ಹೇಳಿದ.

ದಡದಲ್ಲಿ ಗುರುಗಳೇ ಮೊದಲು ಬಂದು ತೆರೇಸಮ್ಮನ ಕೆನ್ನೆಯ ಬಿಳಿಚಿದ ಗುರುತಿನ ಮೇಲೆ ಕೈಯಿಟ್ಟರು. ನಿಮ್ಮ ಕೈ ಯಾಕೆ ಸ್ವಾಮಿ ಎಂದು ಯಾರೋ ಕೇಳಿದ್ದಕ್ಕೆ, “ನಾನು ಮಂತ್ರಿಸಿದ್ದೆನಲ್ಲ” ಅಂದರು. ಆಮೇಲೆ ಬೆಂಚು, ಚಾಪೆ ಯಾವುದೂ ಬೇಕಾಗಲಿಲ್ಲ. ಮರಳಿನ ಮೇಲೆಯೇ ಒಬ್ಬರಿಗೊಬ್ಬರು ಕೈಯಿಟ್ಟರು. ಪಟೇಲನೂ ಇಟ್ಟ, ಸಂತ್ಯಾಗಪ್ಪನೂ ಇಟ್ಟ. ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. ನಮ್ಮವರು ಆಚೆಗೂ ಹೋಗಿ, ದೋಣಿಯಲ್ಲಿ ಬಾರದವರ ಮುಖಗಳನ್ನೂ ಮುಟ್ಟಿ ಬಂದರು. ದೀಪ ಹಚ್ಚುವ ಹೊತ್ತಿಗೆ ಇನ್ನಾಸಿಯ ಕುತ್ತಿಗೆ ನುಣ್ಣಗಿತ್ತು. ಮಗ್ದಲಿಯ ಕಣ್ಣುಗಳೂ ತಿಳಿಯಾದವು ಎಂದು ಮರುದಿನ ಕೇಳಿದೆ.

ರಾಯಪ್ಪನ ಪಕ್ಕೆಯ ಗುರುತು ಮಾತ್ರ ಹೋಗಲಿಲ್ಲ. ಬುಧವಾರ ಮಧ್ಯಾಹ್ನ ಗೂಡಿನ ಅಂಚಿನಿಂದ ಜಾರಿ ತನ್ನದೇ ಹಾರೆಯ ಮೇಲೆ ಬಿದ್ದ. ಬದುಕಿದ್ದಾನೆ, ಸ್ವಲ್ಪ ವಾಲಿಕೊಂಡು ನಡೆಯುತ್ತಾನೆ. ಆ ಗಾಯವನ್ನೂ ನಾವು ಆಚೆಯವರ ಲೆಕ್ಕಕ್ಕೇ ಹಾಕಿದ್ದೆವು. ಪಟೇಲ ಈಗಲೂ, “ಅವತ್ತು ಬೆಳಿಗ್ಗೆಯೇ ಹೋಗಿದ್ರೆ ಎಲ್ಲ ನೆಟ್ಟಗೆ ಮುಗೀತಿತ್ತು” ಅನ್ನುತ್ತಾನೆ. ಕೆಲವರು ಹೌದು ಅನ್ನುತ್ತಾರೆ. ದಿಬ್ಬದ ಜಗಳ ಇನ್ನೂ ಇದೆ.

ನನ್ನ ಕೈ ಎಲೆಯಷ್ಟಗಲ ಸುಟ್ಟಿತ್ತು, ಗುರುತು ಎಲ್ಲಿತ್ತೋ ಅಲ್ಲೇ. “ಮೊದಲೇ ಬೆಂಚಿನ ಮೇಲೆ ಕೂರಬಾರದಿತ್ತೇನೇ? ಇನ್ನಾಸಿ ಎಲ್ಲರದೂ ಮುಟ್ಟಿದ, ನಿನ್ನದೂ ಮುಟ್ಟುತ್ತಿದ್ದ” ಎಂದು ಲೂರ್ದಮ್ಮ ಬೈದಳು. ಕೂರಬಹುದಾಗಿತ್ತು. ಈಗ ಎರಡು ಬೆರಳು ಮಡಿಸಲು ಬರುವುದಿಲ್ಲ. ಬೆಂಚನ್ನು ಎಡಗೈಯಲ್ಲಿ ಒರೆಸುತ್ತೇನೆ.

ಸಂಜೆ ಗೂಡಿನಿಂದ ಬಂದು ಕೈಕಾಲು ತೊಳೆದ ಮೇಲೆ ಇನ್ನಾಸಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ನನ್ನ ಎದುರು ಕೂರುತ್ತಾನೆ. ಕೈ ತೆಗೆದುಕೊಂಡು ಆ ಮುದುರಿದ ಚರ್ಮದ ಮೇಲೆ ನಿಧಾನವಾಗಿ ಎಣ್ಣೆ ಸವರುತ್ತಾನೆ. ಒಂದು ದಿನ ಅಂಗೈಯನ್ನು ಅದರ ಮೇಲೆ ಹಾಗೆಯೇ ಇಟ್ಟು, “ನನ್ನ ಕೈ ಬರುವ” ಎಂದು ಶುರುಮಾಡಿ ನಿಲ್ಲಿಸಿದ. ಬಂದಾಗಿತ್ತು. ಆಮೇಲೆ ಹೇಳುವ ಮಾತು ನಮ್ಮೂರಲ್ಲಿ ಯಾರ ಹತ್ತಿರವೂ ಇಲ್ಲ, ಅವನು ಯಾರಿಂದ ಕಲಿಯಬೇಕು. ಅವನ ಕತ್ತು ಬಗ್ಗಿತ್ತು, ಒಂದು ಗೆರೆಯೂ ಇಲ್ಲದ ಕುತ್ತಿಗೆ. “ಉರೀತದಾ?” ಎಂದು ಕೊನೆಗೆ ಕೇಳಿದ. ಉರಿಯುತ್ತಿತ್ತು. “ಇಲ್ಲ” ಅಂದೆ. “ಇನ್ನೊಂಚೂರು ಹಚ್ಚು.”